ಮೂಲಂಗಿ ಹಾರಿಸಿದ ಹಬ್ಬ

ಸಿಂಗಾಪುರದಲ್ಲಿ ಚೀನೀ ಹೊಸ ವರ್ಷಕ್ಕೆ ಎರಡು ದಿನ ಸರಕಾರಿ ರಜೆ. ಹಬ್ಬದ ಹಿಂದಿನ ರಾತ್ರಿಯ ಊಟ ಮನೆಯವರಿಗೆ ಮೀಸಲು. ಆಮೇಲಿನ ಎರಡು ವಾರ ಗೆಳೆಯರು, ಸಹೋದ್ಯೋಗಿಗಳು ಹೋಟೆಲುಗಳಲ್ಲಿ ಕೂಡಿ ಉಣ್ಣುವ ಕಾಲ. ನಾನು ಅಲ್ಲಿ ಕೆಲಸದಲ್ಲಿದ್ದಾಗ ಚೀನೀ ಮೂಲದ ಗೆಳೆಯನೊಬ್ಬ ನಮ್ಮನ್ನು ಇಂತಹ ಊಟಕ್ಕೆ ಕರೆದ. ನಾವೆಂದರೆ ಮೈಸೂರಿನ ನಾನು, ಒಬ್ಬ ಮಲಯ್ ಗೆಳತಿ, ದನದ ಮಾಂಸ ಮುಟ್ಟದ ಒಬ್ಬ ತಮಿಳು ಗೆಳೆಯ. ಅವನು ತನ್ನ ವೃದ್ಧ ತಂದೆಯನ್ನೂ ಕರೆತಂದಿದ್ದ.

ಚೀನೀ ಅಡುಗೆಯೆಂದರೆ ನಮ್ಮವರಿಗೆ ಹಂದಿಮಾಂಸವೊಂದೇ ನೆನಪಾಗುತ್ತದೆ. ಅದನ್ನು ಬಿಡುವುದು ಸುಲಭ, ಕಣ್ಣಿಗೆ ಕಾಣುತ್ತದಲ್ಲ! ಕಾಣದಿರುವುದು ಹುರಿಯಲು ಬಳಸುವ ಕೊಬ್ಬು, ಸಾರಿಗೆ ಸುರಿಯುವ ಅಕ್ಕಿಯ ಮದ್ಯ. ಸಿಂಗಾಪುರದ ಇಸ್ಲಾಮೀ ಮಂಡಳಿ 'ಮುಯಿಸ್' 1978ರಿಂದ ಹಲಾಲ್ ಪ್ರಮಾಣಪತ್ರ ನೀಡುತ್ತಿದೆ. ಗೆಳೆಯ ಆರಿಸಿದ್ದು ಅಂತಹ ಪತ್ರ ಗೋಡೆಯಲ್ಲಿದ್ದ ಹೋಟೆಲನ್ನೇ.

ಮೊದಲು ಬಂದದ್ದು 'ಯೂಶೆಂಗ್'. ದೊಡ್ಡ ತಟ್ಟೆಯಲ್ಲಿ ಎಳೆಯೆಳೆಯಾಗಿ ಹೆರೆದ ಮೂಲಂಗಿ, ಕ್ಯಾರೆಟ್, ಚಕ್ಕೋತ, ಕಡಲೆಕಾಯಿ ಪುಡಿ, ಎಳ್ಳು, ಹಸಿ ಮೀನಿನ ತೆಳು ಹೋಳುಗಳು, ಮೇಲೆ ಪ್ಲಮ್ ಹಣ್ಣಿನ ಸಿಹಿಹುಳಿ ರಸ. ಚೀನೀ ಭಾಷೆಯಲ್ಲಿ ಮೀನಿಗೂ ಸಮೃದ್ಧಿಗೂ ಉಚ್ಚಾರ ಒಂದೇ, 'ಯೂ'. ಈ ರೂಪದಲ್ಲಿ ಇದು 1964ರಲ್ಲಿ ತಮ್ಮ ನಾಲ್ವರು ಬಾಣಸಿಗರ ಕೈಯಲ್ಲಿ ಹುಟ್ಟಿತೆಂದು ಸಿಂಗಾಪುರದವರು ಹೇಳುತ್ತಾರೆ. ಅದಕ್ಕೂ ಮೊದಲೇ ನಮ್ಮ ಸೆರೆಂಬಾನಿನಲ್ಲಿತ್ತು ಎಂದು ಮಲೇಷ್ಯದವರ ವಾದ. ತಿನಿಸಿಗೂ ಗಡಿ ತಕರಾರು ತಪ್ಪಿದ್ದಲ್ಲ.

ಎಲ್ಲರೂ ಎದ್ದು ನಿಂತು ಚಾಪ್‌ಸ್ಟಿಕ್‌ಗಳಿಂದ ಅದನ್ನು ಮೇಲೆತ್ತಿ ಕಲಸಬೇಕು. ಎತ್ತರಕ್ಕೆ ಹಾರಿದಷ್ಟೂ ಅದೃಷ್ಟ ಎಂಬ ನಂಬಿಕೆ. ಕೊಡುವವನು ಅಲ್ಲಾಹನು, ಮೂಲಂಗಿಯಲ್ಲ ಎಂಬುದು ನನಗೂ ಮಲಯ್ ಗೆಳತಿಗೂ ಗೊತ್ತು. ಆದರೂ ಗೆಳೆಯನ ಸಂತೋಷಕ್ಕೆ ನಾವೂ ಎತ್ತಿದೆವು. ಒಂದಿಷ್ಟು ತಮಿಳು ಗೆಳೆಯನ ಅಂಗಿಯ ಮೇಲೆ ಬಿತ್ತು. ಹಸಿ ಮೀನು ಮಾತ್ರ ನನ್ನ ಮೈಸೂರಿನ ನಾಲಿಗೆಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಆ ವೃದ್ಧರು ಪರಿಚಾರಕಿಯನ್ನು ಕರೆದು ಏನೋ ವಿಚಾರಿಸಿದರು. ಗೆಳೆಯ ನಗುತ್ತಾ ಅರ್ಥ ಹೇಳಿದ: "ಸಾರಿಗೆ ಮದ್ಯ ಹಾಕಿಲ್ಲವಷ್ಟೇ ಎಂದು ಕೇಳುತ್ತಿದ್ದಾರೆ." ಹಬ್ಬದೂಟಕ್ಕೆ ಅವರಿಗೆ ಒಂದು ಲೋಟ ಬಿಯರ್ ಇರಲೇಬೇಕಂತೆ. ಅಂದು ಅವರು ಚಹಾ ಕುಡಿದರು. ಸಿಂಗಾಪುರವೇನೂ ಸ್ವರ್ಗವಲ್ಲ, ಅಲ್ಲಿಯ ಸೌಹಾರ್ದಕ್ಕೆ ಕಾನೂನಿನ ಬಿಗಿ ಕಾವಲಿದೆ. ಆದರೆ ಬಿಯರ್ ಬಿಡಿ ಎಂದು ಯಾವ ಕಾನೂನೂ ಅವರಿಗೆ ಹೇಳಿರಲಿಲ್ಲ. ಹೊರಡುವಾಗ ಎರಡೂ ಕೈಗಳಿಂದ ನಮಗೆ ತಲಾ ಎರಡು ಕಿತ್ತಳೆ ಕೊಟ್ಟು, ನಿಮ್ಮ ಹಬ್ಬ ಯಾವಾಗ ಎಂದು ಕೇಳಿದರು. ಈದ್‌ಗೆ ಮಲಯ್ ಗೆಳತಿಯ ಮನೆಗೆ ಬಂದು, ತೆಂಗಿನ ಗರಿಯ ಪುಟ್ಟ ಬುಟ್ಟಿಯಲ್ಲಿ ಬೆಂದ ಅನ್ನ 'ಕೆತುಪತ್' ತಿಂದರು.

ಊರಿಗೆ ಮರಳಿ ಎಷ್ಟೋ ಕಾಲವಾದ ಮೇಲೆ ಅವರು ಮತ್ತೆ ನೆನಪಾದರು. 2022ರ ಯುಗಾದಿಯ ಸಮಯ. ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂದು ನಮ್ಮ ರಾಜ್ಯದಲ್ಲಿ ಕೆಲವು ಸಂಘಟನೆಗಳು ಕರೆ ಕೊಟ್ಟಿದ್ದವು. ಅಂದು ಬೆಳಗ್ಗೆ ನಮ್ಮ ಬೀದಿಯ ಹಿರಿಯರೊಬ್ಬರು ಚೀಲ ಹಿಡಿದು ಎಂದಿನ ಸಾಬರ ಅಂಗಡಿಯತ್ತಲೇ ಹೊರಟಿದ್ದರು. ನಾನು ನೋಡುತ್ತಿರುವುದನ್ನು ಕಂಡು, "ಮೂವತ್ತು ವರ್ಷದಿಂದ ಇವನ ಹತ್ತಿರವೇ. ತೊಡೆಯ ಭಾಗ ಬೇಕೆಂದರೆ ಬೇಗ ಹೋಗಬೇಕು" ಎಂದು ನಡಿಗೆ ಚುರುಕು ಮಾಡಿದರು.