ಬಾಯಿ ತಪ್ಪಿದ್ದು, ಮಾತು ತಪ್ಪಿದ್ದು

ಬೆಳಿಗ್ಗೆ ಕಾಫಿಗೆಂದು ಹೋದ ಹೋಟೆಲಿನ ಟೀವಿಯಲ್ಲಿ ಸಚಿವರೊಬ್ಬರು ‘ಕೆರೆ ತುಂಬಿಸುತ್ತೇವೆ’ ಎನ್ನಲು ಹೋಗಿ ‘ಕೆರೆ ಮುಚ್ಚಿಸುತ್ತೇವೆ’ ಎಂದರು. ಮರುಕ್ಷಣವೇ ತಿದ್ದಿಕೊಂಡರು. ಮೊದಲ ಸಲ ಅದನ್ನೂ ತೋರಿಸಿದರು. ಆಮೇಲೆ ತಿದ್ದಿಕೊಂಡದ್ದನ್ನು ಕತ್ತರಿಸಿ, ತಪ್ಪಿದ್ದನ್ನಷ್ಟೇ ತಿರುಗಿಸತೊಡಗಿದರು. ಕೆಳಗಿನ ಕೆಂಪು ಪಟ್ಟಿಯಲ್ಲಿ ‘ನಾಲಿಗೆ ಹರಿಬಿಟ್ಟ ಸಚಿವ’ ಎಂಬ ದಪ್ಪಕ್ಷರ. ನನ್ನ ಲೋಟ ಖಾಲಿಯಾಗುವಷ್ಟರಲ್ಲಿ ಒಂಬತ್ತು ಸಲ ಆಯಿತು. ಎದುರಿಗೆ ಕೂತಿದ್ದ ಹಿರಿಯರು, ‘ಯಾವ ಕೆರೆ ಸ್ವಾಮಿ ಅದು?’ ಎಂದು ಕೇಳಿದರು. ಒಂಬತ್ತು ಸಲ ಕೇಳಿಸಿಕೊಂಡವನಿಗೂ ಅದು ಗೊತ್ತಾಗಿರಲಿಲ್ಲ.

ಟಿಆರ್‌ಪಿ, ಇಪ್ಪತ್ತನಾಲ್ಕು ಗಂಟೆ ತುಂಬಿಸುವ ಪಾಡು, ಎಲ್ಲ ತಿಳಿದದ್ದೇ. ನನಗೆ ಸಿಟ್ಟು ಬಂದದ್ದು ಆ ‘ಹರಿಬಿಟ್ಟ’ ಎಂಬ ಮಾತಿಗೆ. ಹಗ್ಗ ಬಿಚ್ಚಿ ದನವನ್ನು ಹೊಲಕ್ಕೆ ಬಿಟ್ಟಂತೆ, ಬೇಕೆಂದೇ ಬಿಡುವುದು ಹರಿಬಿಡುವುದು. ಒಂದು ಜಾತಿಯನ್ನೋ ಹೆಣ್ಣುಮಕ್ಕಳನ್ನೋ ವೇದಿಕೆಯ ಮೇಲೆ ಹೀನಾಯವಾಗಿ ಆಡಿಕೊಂಡವನಿಗೆ ಅದು ಸಲ್ಲುತ್ತದೆ. ಒಂದು ಪದದ ಜಾಗಕ್ಕೆ ಇನ್ನೊಂದು ನುಗ್ಗಿದರೆ ಅದು ಬಾಯಿ ತಪ್ಪಿದ್ದು. ಪರಭಾಷೆಯ ಹೆಸರು ಕಷ್ಟವಾದರೆ ನಾಲಿಗೆ ಹೊರಳದ್ದು. ಕೊಟ್ಟ ಭರವಸೆಯನ್ನು ಮುರಿದರೆ ಮಾತು ತಪ್ಪಿದ್ದು. ನಮ್ಮ ಅಜ್ಜಿಯಂದಿರು ಈ ನಾಲ್ಕನ್ನೂ ಕಲಸಿದವರಲ್ಲ. ಈಗ ನಾಲ್ಕಕ್ಕೂ ಸೇರಿ ‘ಎಡವಟ್ಟು’ ಎಂಬ ಒಂದೇ ಪದ. ದ್ವೇಷ ಕಾರಿದವನೂ ಎಡವಟ್ಟು ಮಾಡಿಕೊಂಡವನೇ ಆಗಿ ಪಾರಾಗುತ್ತಾನೆ. ನನ್ನ ಸಂಕಟ ಇದು.

2018ರ ಚುನಾವಣೆಯನ್ನು ನೆನೆಯಿರಿ. ದಾವಣಗೆರೆಯಲ್ಲಿ ಅಮಿತ್ ಶಾ ಸಿದ್ದರಾಮಯ್ಯನವರ ಸರ್ಕಾರವನ್ನು ಭ್ರಷ್ಟ ಎನ್ನಲು ಹೋಗಿ, ಪಕ್ಕದಲ್ಲೇ ಕೂತಿದ್ದ ಯಡಿಯೂರಪ್ಪನವರ ಹೆಸರು ಹೇಳಿಬಿಟ್ಟರು. ಅದು ಬಾಯಿ ತಪ್ಪಿದ್ದು. ರಾಹುಲ್ ಗಾಂಧಿಯವರಿಗೆ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ನಾಲಿಗೆ ಹೊರಳಲಿಲ್ಲ. ಆ ಹೆಸರನ್ನು ಐದು ಸಲ ಹೇಳಿ ನೋಡೋಣ ಎಂದು ಪ್ರಧಾನಿಯೇ ಸಂತೇಮರಹಳ್ಳಿಯಲ್ಲಿ ಸವಾಲು ಹಾಕಿದರು. ಎರಡನ್ನೂ ವಾರಗಟ್ಟಲೆ ನೋಡಿದೆವು. ಅದೇ ವರ್ಷ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕಾವೇರಿಯಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಅಡಿ ನೀರು ಹೆಚ್ಚಿಗೆ ಕೊಟ್ಟಿತ್ತು. ವಿಶ್ವೇಶ್ವರಯ್ಯನವರ ಹೆಸರೆತ್ತಿದ ಮೇಲೆ ಆ ನೀರಿನ ಮಾತಲ್ಲವೇ ಬರಬೇಕಿದ್ದದ್ದು?

ಹೆಚ್ಚು ನೋಯಿಸಿದ್ದು ಎಸ್.ಎಂ. ಕೃಷ್ಣ ಅವರ ಪ್ರಸಂಗ. 2011ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವರಾಗಿದ್ದ ಅವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಮುಂದೆ ಹರಡಿದ್ದ ಕಾಗದಗಳಲ್ಲಿ ಪೋರ್ಚುಗಲ್ ಸಚಿವರ ಭಾಷಣ ಕೈಗೆ ಬಂದು, ಸುಮಾರು ಮೂರು ನಿಮಿಷ ಅದನ್ನೇ ಓದಿದರು. ಪಕ್ಕದಲ್ಲಿದ್ದ ರಾಯಭಾರಿ ಹರ್ದೀಪ್ ಪುರಿ ಎಚ್ಚರಿಸಿದರು. ತಪ್ಪು ತಪ್ಪೇ. ಆದರೆ 19 ವರ್ಷಗಳ ಬಳಿಕ ಭಾರತ ಆ ಮಂಡಳಿಗೆ ಮರಳಿದ ಹೊಸತು ಅದು; ಭದ್ರತೆಗೂ ಅಭಿವೃದ್ಧಿಗೂ ಇರುವ ನಂಟು ಅಂದಿನ ವಿಷಯ. ಭಾರತ ಏನು ಹೇಳಿತು ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮುಖ್ಯಮಂತ್ರಿಯಾಗಿದ್ದಾಗ ಪಹಣಿಯನ್ನು ಕಂಪ್ಯೂಟರಿಗೆ ತಂದ, ಶಾಲೆಯ ಮಕ್ಕಳಿಗೆ ಬಿಸಿಯೂಟ ಹಾಕಿಸಿದ ಮನುಷ್ಯನನ್ನು ಆ ಮೂರು ನಿಮಿಷಕ್ಕೆ ಇಳಿಸಿಬಿಟ್ಟೆವು.

ಇದನ್ನು ಯೋಚಿಸುವಾಗೆಲ್ಲ ನನಗೆ ನೆನಪಾಗುವವನು ಕುಂಭಕರ್ಣ. ಚಿಕ್ಕಂದಿನಲ್ಲಿ ಊರ ದೇವಸ್ಥಾನದಲ್ಲಿ ಹರಿಕಥೆ ದಾಸರು ಹೇಳುತ್ತಿದ್ದರು: ಇಂದ್ರಾಸನ ಬೇಡಲು ಹೋದವನು, ಸರಸ್ವತಿ ನಾಲಿಗೆಯ ಮೇಲೆ ಕೂತಳಾಗಿ, ನಿದ್ರಾಸನ ಬೇಡಿದ. ನಾವು ಹುಡುಗರು ಬಿದ್ದು ಬಿದ್ದು ನಗುತ್ತಿದ್ದೆವು. ದಾಸರು ಚಿಟಿಕೆ ನಿಲ್ಲಿಸಿ, ನಗು ಅಡಗುವವರೆಗೆ ಕಾದು, ಮುಂದಿನ ಕಥೆಗೆ ಹೋಗುತ್ತಿದ್ದರು. ನಿದ್ದೆಯಿಂದ ಎಬ್ಬಿಸಿದ ಮೇಲೆ ಅವನು ಮಾಡಿದ್ದೇನು? ತುಂಬಿದ ಸಭೆಯಲ್ಲಿ, ಸೀತೆಯನ್ನು ತಂದದ್ದು ತಪ್ಪು ಎಂದು ಅಣ್ಣನ ಮುಖಕ್ಕೆ ಹೇಳಿದ. ಹೇಳಿಯೂ ಅಣ್ಣನಿಗಾಗಿ ಯುದ್ಧಕ್ಕೆ ಹೋಗಿ ಸತ್ತ. ಅಲ್ಲಿಗೆ ಬಂದಾಗ ದಾಸರ ದನಿ ಒಡೆಯುತ್ತಿತ್ತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಿದ್ರಾಸನಕ್ಕೆ ನಕ್ಕವರೇ ಅವರೂ. ಬಾಯಿ ತಪ್ಪಿದ್ದಕ್ಕೆ ಒಂದು ನಗು, ಅವನು ಆಡಿದ ನಿಜಕ್ಕೆ ಕಣ್ಣೀರು. ಆ ತೂಕ ದಾಸರಿಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಾಡು ಇದು. ಹುಲಿಯ ಮುಂದೆ ಅದು ತೊದಲಿತೇ ಎಂದು ಯಾರೂ ಕೇಳಲಿಲ್ಲ. ಹೇಳಿದಂತೆ ವಾಪಸ್ ಬಂದಿತೇ ಎಂಬುದೊಂದೇ ಪ್ರಶ್ನೆ.

ಸುದ್ದಿಮನೆಗಳಲ್ಲಿ ಆ ಕೆಂಪು ಪಟ್ಟಿ ಬರೆಯುವ ಗೆಳೆಯರೇ, ಸಚಿವರು ‘ಮುಚ್ಚಿಸುತ್ತೇವೆ’ ಎಂದದ್ದು ಸಾಕು. ಅದು ಯಾವ ಕೆರೆ, ಅದಕ್ಕೆ ನೀರು ಎಲ್ಲಿಂದ ಬರುತ್ತದೆ, ಯಾವ ತಿಂಗಳು ಬರುತ್ತದೆ ಎಂಬುದನ್ನು ನಾಳೆ ಬೆಳಿಗ್ಗೆ ಒಂದೇ ಒಂದು ಸಲ ಹೇಳಿ. ಆ ಹಿರಿಯರು ದಿನವೂ ಅದೇ ಹೋಟೆಲಿಗೆ ಬರುತ್ತಾರೆ.