ಎರಡು ತುಂಡಿನ ಗಾಳದ ಕೋಲು

ಅಪ್ಪಯ್ಯನಿಗೆ ಎಂಬತ್ತು ತುಂಬುತ್ತದೆ, ಏನು ಕೊಡುವುದು ಎಂದು ನಾವು ಮೂವರು ಮಕ್ಕಳು ಡೊಂಬಿವಲಿಯ ಮನೆಯಲ್ಲಿ ಕೂತು ಎರಡು ಭಾನುವಾರ ಚರ್ಚಿಸಿದೆವು. ಶಾಲು ಕೊಟ್ಟರೆ ಮಡಿಕೆ ಬಿಚ್ಚದೆ ಇನ್ನೊಬ್ಬರ ಮದುವೆಯಲ್ಲಿ ದಾಟಿಸಿಯಾರು. ಉಂಗುರ ಮಾಡಿಸಿದರೆ, ಇಷ್ಟು ದುಡ್ಡು ಎಲ್ಲಿಂದ ತಂದಿರಿ ಎಂದು ವಿಚಾರಣೆ ಆರಂಭವಾದೀತು. ಕೊನೆಗೆ ನಮ್ಮಲ್ಲಿ ಕಿರಿಯವನು ಮೆಲ್ಲನೆ, "ಒಂದು ಗಾಳದ ಕೋಲು ಮಾಡಿ ಕೊಡುವ" ಎಂದ. ಉಳಿದಿಬ್ಬರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅದರ ಕಾರಣ ಹೇಳಬೇಕಾದರೆ 1986ಕ್ಕೆ ಹೋಗಬೇಕು.

ಆಗ ನಾವಿದ್ದದ್ದು ಪರೇಲಿನ ಒಂದು ಚಾಳಿನಲ್ಲಿ. ನಮ್ಮ ಖೋಲಿಯೆದುರಿನ ಗ್ಯಾಲರಿಯಲ್ಲಿ, ಮಾಡಿನ ಕೆಳಗೆ, ಎರಡು ಮೊಳೆಗಳ ಮೇಲೆ ಅಪ್ಪಯ್ಯನ ಗಾಳದ ಕೋಲು ಮಲಗಿರುತ್ತಿತ್ತು. ಹನ್ನೊಂದು ಅಡಿ ಉದ್ದದ ಬಿದಿರು. ವರ್ಷಾನುವರ್ಷ ಕೈಯ ಎಣ್ಣೆ ಕುಡಿದು ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ಅಪ್ಪಯ್ಯ ಹದಿನಾರನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದವರು. ಹಗಲು ಕೋಟೆಯ ಒಂದು ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ, ಆಮೇಲೆ ಒಂದು ಕಂಪೆನಿಯ ಗೋದಾಮಿನಲ್ಲಿ ನೌಕರಿ. ಈ ಪತ್ರಿಕೆಯ ಓದುಗರಲ್ಲಿ ಅನೇಕರ ಮನೆಯಲ್ಲಿ ಇದೇ ಕತೆ ಇದ್ದೀತು, ವಿವರಿಸಬೇಕಾಗಿಲ್ಲ. ನಮ್ಮ ಮನೆಯ ಕತೆಯಲ್ಲಿ ಬೇರೆಯಾದದ್ದು ಭಾನುವಾರ ಮಾತ್ರ. ಭರತ ಇಳಿತದ ಲೆಕ್ಕ ಹಾಕಿಕೊಂಡು ಅವರು ಕೋಲನ್ನು ಹೆಗಲಿಗೇರಿಸಿ ವರಳಿ ಕೋಳಿವಾಡದ ಬಂಡೆಗಳವರೆಗೆ ನಡೆದೇ ಹೋಗುತ್ತಿದ್ದರು. ಅಷ್ಟುದ್ದದ ಕೋಲನ್ನು ಯಾವ ಕಂಡಕ್ಟರನೂ ಬಸ್ಸಿಗೆ ಹತ್ತಿಸುತ್ತಿರಲಿಲ್ಲ. ಸಿಕ್ಕಿದರೆ ಒಂದೆರಡು ಸಣ್ಣ ಮೀನು, ಇಲ್ಲದಿದ್ದರೆ ಬರಿಗೈ. ಬರಿಗೈಯಲ್ಲಿ ಬಂದ ದಿನವೂ ಅವರ ಮುಖ ವಾರದ ಉಳಿದ ಆರು ದಿನಗಳಂತೆ ಇರುತ್ತಿರಲಿಲ್ಲ.

ಡೊಂಬಿವಲಿಗೆ ಮನೆ ಬದಲಿಸಿದ ದಿನ ಅಪ್ಪಯ್ಯ ದೇವರ ಪಟಗಳನ್ನು ಎದೆಗವಚಿಕೊಂಡು ಅಮ್ಮನೊಂದಿಗೆ ಲೋಕಲಿನಲ್ಲಿ ಮುಂದಾಗಿ ಹೋಗಿದ್ದರು. ಸಾಮಾನು ಹೇರಿಸುವ ಜವಾಬ್ದಾರಿ ನಮ್ಮದು. ದೊಡ್ಡವಳಿಗೆ ಹದಿಮೂರು, ನಡುವಿನವನಿಗೆ ಹನ್ನೊಂದು, ಕಿರಿಯವನಿಗೆ ಎಂಟು. ಕೊನೆಗೆ ಉಳಿದದ್ದು ಕೋಲು. ಟೆಂಪೋದವನು ನೋಡಿ, ಇದು ಹಿಡಿಸುವುದಿಲ್ಲ, ಬಿಟ್ಟುಬಿಡಿ ಎಂದ. ಬಿಡುವುದು ಹೇಗೆ? ನಾವು ಬುದ್ಧಿವಂತರಾದೆವು. ಕೆಳಗಿನ ಖೋಲಿಯವರಿಂದ ಗರಗಸ ತಂದು ಇಬ್ಬರು ಹಿಡಿದು ಒಬ್ಬಳು ಕೊಯ್ದು, ಸರಿಯಾಗಿ ನಡುವಿಗೆ ಎರಡು ತುಂಡು ಮಾಡಿ, ಹಾಸಿಗೆಯ ಸುರುಳಿಯೊಳಗೆ ಭದ್ರವಾಗಿ ಕಟ್ಟಿದೆವು. ಆಮೇಲೆ ಜೋಡಿಸಿದರಾಯಿತು ಎಂಬುದು ನಮ್ಮ ಎಣಿಕೆ. ದಾರಿಯುದ್ದಕ್ಕೂ ಹೆಮ್ಮೆಯಿಂದ ಕೂತಿದ್ದೆವು.

ಅಪ್ಪಯ್ಯ ಹಾಸಿಗೆ ಬಿಚ್ಚಿದರು. ಎರಡು ತುಂಡುಗಳನ್ನೂ ಒಂದೊಂದು ಕೈಯಲ್ಲಿ ಹಿಡಿದರು. "ಆಯ್ತ್ ಬಿಡಿ" ಎಂದರು. ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ದಪ್ಪ ತುಂಡು ಬಟ್ಟೆ ಒಣಹಾಕುವುದಕ್ಕೆ ಆಯಿತು, ತೆಳು ತುಂಡು ಸೊಳ್ಳೆಪರದೆಗೆ. ಡೊಂಬಿವಲಿಯ ಆಚೆಗೂ ಖಾಡಿ ಇದೆ, ಗಾಳ ಹಾಕುವವರಿದ್ದಾರೆ. ಅಪ್ಪಯ್ಯ ಒಂದು ದಿನವೂ ಆ ಕಡೆ ಹೋಗಲಿಲ್ಲ. ಹೊಸ ಮನೆಯ ಸಾಲ, ಎರಡು ತಾಸಿನ ಲೋಕಲ್ ಪ್ರಯಾಣ, ಅದಕ್ಕೇ ಇರಬೇಕು ಎಂದು ನಾವು ನಮಗೆ ಅನುಕೂಲವಾದ ಕಾರಣ ಹುಡುಕಿಕೊಂಡೆವು.

ನಿವೃತ್ತಿಯಾಗಿ, ಅಮ್ಮ ತೀರಿಕೊಂಡ ಮೇಲೆ ಅವರು ಊರಿಗೆ ಮರಳಿದರು. 2022ರ ಬೇಸಿಗೆ ರಜೆಯಲ್ಲಿ ಮೊಮ್ಮಗಳಿಗೆ ಹೊಳೆ ತೋರಿಸುತ್ತ ನಗುನಗುತ್ತಲೇ ಹೇಳಿದರಂತೆ: "ನಿನ್ನ ಅಪ್ಪ, ದೊಡ್ಡಪ್ಪ, ಅತ್ತೆ ಮೂರು ಜನ ಸೇರಿ ನನ್ನ ಕೋಲು ಕೊಯ್ದ್ರು. ಅದು ನನ್ನ ಅಪ್ಪಯ್ಯ ಮಾಡಿದ್ದ್." ಹಿತ್ತಿಲ ಬಿದಿರ ಹಿಂಡಿಲಿನಿಂದ ಅಜ್ಜಯ್ಯ ಕಡಿದದ್ದಂತೆ. ಅಜ್ಜಯ್ಯ ಹೋದ ವರ್ಷ ಬಸ್ಸಿನ ತಲೆಯ ಮೇಲೆ ಕಟ್ಟಿಸಿ ತಂದದ್ದಂತೆ. ಆ ಹಿಂಡಿಲು ಕೂಡ ಹೂಬಿಟ್ಟು ಸತ್ತುಹೋಗಿದೆ. ಬಿದಿರು ಹೂಬಿಡುವುದು ಸಾಯುವ ಮೊದಲೇ ತಾನೆ. ಮೂವತ್ತಾರು ವರ್ಷ ನಮಗೆ ಇದಾವುದೂ ಗೊತ್ತಿರಲಿಲ್ಲ. ಹುಡುಗಿ ಮುಂಬಯಿಗೆ ಬಂದು ಊಟದ ಹೊತ್ತಿನಲ್ಲಿ ಇದನ್ನು ಹೇಳಿದಾಗ ತಟ್ಟೆಯಲ್ಲಿ ಏನಿತ್ತೆಂದು ನಮಗೆ ನೆನಪಿಲ್ಲ.

ಹಾಗಾಗಿ ಕೋಲು ಎಂದು ನಿಶ್ಚಯವಾಯಿತು. ಅಂಗಡಿಯಲ್ಲಿ ಫೈಬರಿನ ಕೋಲುಗಳು ರಾಟೆ ಸಮೇತ ಸಿಗುತ್ತವೆ, ನೋಡಲೂ ಚಂದ. ಆದರೆ ರಾಟೆ ತಿರುಗಿಸಿ ಮೀನು ಎಳೆಯುವುದನ್ನು ಅಪ್ಪಯ್ಯ ಬಾವಿಯಿಂದ ನೀರು ಸೇದುವುದಕ್ಕೆ ಹೋಲಿಸುವವರು. ಬಿದಿರೇ ಆಗಬೇಕು. ರೈಲಿನಲ್ಲಿ ಒಯ್ಯಬೇಕಾದ್ದರಿಂದ ಎರಡು ತುಂಡಿನದೇ ಆಗಬೇಕು. ಈ ಎರಡನೆಯ ಮಾತನ್ನು ಆಡುವಾಗ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

2023ರ ಜನವರಿಯಲ್ಲಿ ಕಲ್ಯಾಣದ ಬಿದಿರಿನ ವಖಾರಿಗೆ ಹೋದೆವು. ಛಳಿಗಾಲದಲ್ಲಿ ಕಡಿದ ಬಿದಿರಿಗೆ ಹುಳು ಕಡಿಮೆ ಎಂಬುದು ಅಪ್ಪಯ್ಯನಿಂದಲೇ ಕೇಳಿದ್ದು. ಬಿದಿರಿನೊಳಗಿನ ಹಿಟ್ಟು ಆಗ ಕಡಿಮೆಯಿರುತ್ತದೆ. ಮೊದಲು ತಂದದ್ದು ಟೊಳ್ಳು ಬಿದಿರು. ಗ್ಯಾಸಿನ ಒಲೆಯ ಮೇಲೆ ಕಾಯಿಸಿ ಡೊಂಕು ತೆಗೆಯಹೊರಟಾಗ ಗಣ್ಣಿನೊಳಗಿನ ಗಾಳಿ ಬಿಸಿಯಾಗಿ ಢಂ ಎಂದು ಸಿಡಿಯಿತು. ಸಿಲಿಂಡರೇ ಹೋಯಿತೆಂದು ಪಕ್ಕದ ಮನೆಯ ಜೋಶಿಬಾಯಿ ಓಡಿಬಂದರು. ಆಮೇಲೆ ವಖಾರಿಯವನೇ ಸಿಂಧುದುರ್ಗದ ಕಡೆಯ ಮಾಣಗಾ ಬಿದಿರು ಕೊಟ್ಟ. ಮುಳ್ಳಿಲ್ಲ, ಒಳಗೆ ಹೆಚ್ಚುಕಡಿಮೆ ಗಟ್ಟಿ. ಮೇ ತಿಂಗಳವರೆಗೆ ಗಚ್ಚಿಯಲ್ಲಿ ನೆರಳಿಗೆ ಒಣಗಿಸಿ ಮತ್ತೆ ಒಲೆಗೆ ಹಿಡಿದೆವು. ಹದವಾಗಿ ಕಾದಾಗ ಬಿದಿರು ಬೆವರುತ್ತದೆ, ಎಣ್ಣೆ ಹನಿಯುತ್ತದೆ. ಆಗ ಮೊಣಕಾಲಿಗೊತ್ತಿ ನೇರಮಾಡಿ ಒದ್ದೆಬಟ್ಟೆಯಿಂದ ಒರಸಿದರೆ ಹಾಗೇ ನಿಲ್ಲುತ್ತದೆ. ಒಂದೊಂದು ಗಣ್ಣಿಗೂ ಹೀಗೆ. ಹೇಳಲಿಕ್ಕೆ ಎರಡು ವಾಕ್ಯ, ಮಾಡಲಿಕ್ಕೆ ಐದು ಭಾನುವಾರ.

ಕಷ್ಟವೆಲ್ಲ ಜೋಡಣೆಯಲ್ಲಿ. ಪಾಯಧುನಿಯ ತಾಂಬಾಕಾಂಟಾದಲ್ಲಿ ಅಲೆದು ಒಂದರೊಳಗೊಂದು ಹೋಗುವ ಎರಡು ಹಿತ್ತಾಳೆ ಕೊಳವೆಗಳನ್ನು ತಂದೆವು. ದೊಡ್ಡದು ಹಿಡಿಯ ತುಂಡಿನ ತುದಿಗೆ, ಸಣ್ಣದು ತುದಿಯ ತುಂಡಿನ ಬುಡಕ್ಕೆ. ಕೊಳವೆ ಕೂರಬೇಕೆಂದು ಬಿದಿರನ್ನು ಕೆತ್ತಿದರೆ ಕೆಟ್ಟಿತು. ಬಿದಿರಿನ ಗಟ್ಟಿ ನಾರೆಲ್ಲ ಹೊರಮೈಯಲ್ಲೇ ಒತ್ತಾಗಿರುತ್ತದೆ, ಅದನ್ನು ಕೆರೆದರೆ ಉಳಿಯುವುದು ಮೆತ್ತನೆಯ ತಿರುಳು. ನಾವು ಮೊದಲು ಕೆತ್ತಿದ ಕೋಲು ಎರಡನೇ ಸಲ ಬಗ್ಗಿಸಿದಾಗ ಕೊಳವೆಯ ಬಾಯಲ್ಲೇ ಲಟಕ್ಕೆಂದಿತು. ಕೊನೆಗೆ ಕೊಳವೆಗೆ ತಕ್ಕ ದಪ್ಪದ ಬಿದಿರನ್ನೇ ಹುಡುಕಿ, ಎರಡು ಬೇರೆ ಬೇರೆ ಬಿದಿರುಗಳಿಂದ ಎರಡು ತುಂಡು ಆರಿಸಬೇಕಾಯಿತು. ಒಂದೊಂದು ನಾಲ್ಕೂವರೆ ಅಡಿ. ಅರಾಲ್ಡೈಟ್ ಹಾಕಿ ಕೂರಿಸಿ, ಬಿದಿರು ಸೀಳದಂತೆ ಕೊಳವೆಯ ಬಾಯಿಗೆ ರೇಷ್ಮೆಯ ಕೆಂಪು ನೂಲನ್ನು ಎಳೆಗೆ ಎಳೆ ತಾಗಿಸಿ ಸುತ್ತಿದೆವು. ಇದು ದೊಡ್ಡವಳ ಕೆಲಸ. ಅಂದು ಗರಗಸ ಹಿಡಿದಿದ್ದವಳು ಅವಳೇ. ನಮಗೆ ಮುಟ್ಟಲು ಬಿಡಲಿಲ್ಲ. ತುದಿಗೆ ದಾರ ಕಟ್ಟಲು ಸಣ್ಣದೊಂದು ತಂತಿಯ ಉಂಗುರ. ಮೇಲೆ ವಾರ್ನಿಷ್. ಮುಂಬಯಿಯ ಜುಲೈ ಮಳೆಗೆ ವಾರ್ನಿಷ್ ಹತ್ತು ದಿನ ಅಂಟಂಟಾಗಿಯೇ ಇತ್ತು, ಒಂದು ಸೊಳ್ಳೆ ಕಾಯಂ ಆಗಿ ಅದರೊಳಗೇ ಉಳಿಯಿತು. ಕೋಲನ್ನು ಜೋಡಿಸಿ ಮತ್ತೆ ಎಳೆದಾಗ ಟಪ್ ಎಂದು ಸದ್ದು ಬಂದ ರಾತ್ರಿ ಮೂವರೂ ಮಕ್ಕಳಂತೆ ಹತ್ತಾರು ಸಲ ಎಳೆದು ನೋಡಿದೆವು.

ಚೌತಿಗೆ ಮತ್ಸ್ಯಗಂಧದಲ್ಲಿ ಹೊರಟೆವು. ಈ ರೈಲಿಗೆ ಆ ಹೆಸರಿಟ್ಟವರು ಯಾರೋ, ಕರಾವಳಿಯವರ ಮೂಗು ಬಲ್ಲವರು. ಹಳೆಯ ಸೀರೆಯಲ್ಲಿ ಸುತ್ತಿದ ಕೋಲು ಬರ್ತಿನ ಕೆಳಗೆ ಸುಖವಾಗಿ ಮಲಗಿತು.

ಅಪ್ಪಯ್ಯ ಸೀರೆ ಬಿಚ್ಚಿದರು. ಎರಡು ತುಂಡುಗಳನ್ನು ಒಂದೊಂದು ಕೈಯಲ್ಲಿ ಹಿಡಿದುಕೊಂಡರು, ಅಂದಿನಂತೆಯೇ. ಆ ಕ್ಷಣ ನಮ್ಮ ಮೂವರಿಗೂ ಜಗಲಿಯಿಂದ ಇಳಿದು ಹೋಗಿಬಿಡೋಣ ಅನ್ನಿಸಿತು. ಆಮೇಲೆ ಹಿತ್ತಾಳೆಯನ್ನು ಹಿತ್ತಾಳೆಗೆ ಸೇರಿಸಿದರು. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. "ಎರಡ್ ಬೇರೆ ಬೇರೆ ಬಿದಿರು" ಎಂದರು. ಇನ್ನೊಮ್ಮೆ ನೋಡಿ, "ತುದಿ ಎಡಕ್ಕೆ ಸ್ವಲ್ಪ ಹೋಗಿತ್ತ್." ನೂಲು ಸುತ್ತಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ, "ಇದ್ ಯಾರ್ ಸುತ್ತಿದ್ದ್?" ದೊಡ್ಡವಳು ಬಾಯಿಬಿಡಲಿಲ್ಲ, ನಾವು ತೋರಿಸಿದೆವು. ಅಪ್ಪಯ್ಯ ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಹೊಳೆಗೆ ಹೋದೆವು. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿ. ಮಳೆನೀರು ಇನ್ನೂ ಕೆಂಪಗಿತ್ತು. ಸಿಗಡಿ ಸಿಕ್ಕಿಸಿ ಗಾಳ ಬಿಟ್ಟು ಅಪ್ಪಯ್ಯ ತೆಂಗಿನ ಬುಡದಲ್ಲಿ ಕೂತರು. ಕೈ ಸ್ವಲ್ಪ ನಡುಗುತ್ತದೆ ಈಗ, ಬೆಂಡು ನೀರಿನ ಮೇಲೆ ಅದರಷ್ಟಕ್ಕೆ ಕುಣಿಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಎರಡು ಕಾಣೆ, ಗೇಣುದ್ದದವು. ಚೌತಿಯ ಮರುದಿನವಾದ್ದರಿಂದ ಮನೆಯೊಳಗೆ ಒಯ್ಯುವಂತಿರಲಿಲ್ಲ, ಪಕ್ಕದ ಮನೆಯ ಹುಡುಗನ ಪಾಲಾದವು.

ಹೊರಡುವ ದಿನ ನೋಡಿದರೆ ಕೋಲು ಇಡಿಯಾಗಿ ಜಗಲಿಯ ಮಾಡಿನ ಕೆಳಗೆ ಎರಡು ಮೊಳೆಗಳ ಮೇಲೆ ಇತ್ತು. ಜೋಡಿಸಿಯೇ ಇಟ್ಟರೆ ಹಿತ್ತಾಳೆ ಕಿಲುಬು ಹಿಡಿದು ಕಚ್ಚಿಕೊಳ್ಳುತ್ತದೆ, ಬಿಚ್ಚಿಡಿ ಎಂದೆವು.

"ಬಿಚ್ಚುದ್ ಎಂತಕ್ಕೆ? ಇಲ್ಲಿಗೆ ಟೆಂಪೋ ಬತ್ತಿಲ್ಲೆ" ಎಂದರು ಅಪ್ಪಯ್ಯ.

ಮುಂಬಯಿಗೆ ಬಂದು ಎಂಟು ದಿನಕ್ಕೆ ಫೋನು ಬಂತು. ತುದಿಯ ಉಂಗುರದ ನೂಲು ಸಡಿಲಾಗಿದೆಯಂತೆ. ಮುಂದಿನ ಸಲ ಬರುವಾಗ ಅದೇ ಕೆಂಪು ನೂಲು ಒಂದು ಉಂಡೆ ತರಬೇಕಂತೆ, ಸುತ್ತುವುದಕ್ಕೆ ದೊಡ್ಡವಳೇ ಬರಬೇಕಂತೆ.