ನಮ್ಮಣ್ಣ ಕಡಲು ನೋಡಲು ಬಂದದ್ದು

ಮುಂಬಯಿಯಲ್ಲಿ ಮನೆ ಮಾಡಿದ ಕನ್ನಡಿಗನಿಗೆ ವರ್ಷದಲ್ಲಿ ಎರಡೇ ಋತುಗಳು. ಒಂದು ಮಳೆಗಾಲ, ಇನ್ನೊಂದು ನೆಂಟರ ಕಾಲ. ಮೊದಲನೆಯದು ಜೂನಿನಲ್ಲಿ ಹಿಡಿಯುತ್ತದೆ. ಎರಡನೆಯದು ಊರಿನ ಶಾಲೆಗಳ ಪರೀಕ್ಷೆ ಮುಗಿದ ಮರುದಿನವೇ ಹಿಡಿಯುತ್ತದೆ. ನಮ್ಮ ಸಂಘದ ಸದಸ್ಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಸಿಗೆಗಳನ್ನು ಎಣಿಸಿ ಎಣಿಸಿ ಅವರ ಕೈಯೂ ಸವೆದಿರುತ್ತದೆ.

ನಾವು ಎಂದರೆ ಯಾರೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೋಟೆಯ ಕಡೆಯ ಒಂದು ಸರಕಾರೀ ಕಚೇರಿಯಲ್ಲಿ ಕಡತಗಳ ನಡುವೆ ಹನ್ನೆರಡು ವರ್ಷ ಕಳೆದ ಒಬ್ಬ ಬಿ. ಎ. ಗುಮಾಸ್ತ, ಅವನ ಶ್ರೀಮತಿಯವರು, ಎಂಟು ವರ್ಷದ ಮಗ, ಐದು ವರ್ಷದ ಮಗಳು, ಮತ್ತು ಡೊಂಬಿವಲಿಯಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಈ ಮನೆಗೆ ಕಳೆದ ಮೇ ತಿಂಗಳಲ್ಲಿ ರೋಣ ತಾಲೂಕಿನ ನಮ್ಮ ಹಳ್ಳಿಯಿಂದ ಅಣ್ಣ, ಅತ್ತಿಗೆ, ಅವರ ಮಗಳು ಮತ್ತು ಮಗ ಬಂದರು. ಹನ್ನೆರಡು ವರ್ಷಗಳಲ್ಲಿ ಅಣ್ಣ ಮುಂಬಯಿಗೆ ಬಂದದ್ದು ಇದೇ ಮೊದಲು.

ಬರುವ ಮುಂಚೆ ಫೋನಿನಲ್ಲಿ ಅಣ್ಣ ಹೇಳಿದ್ದು ಎರಡೇ ಮಾತು. "ಹುಡುಗೂರು ಸಮುದ್ರ ನೋಡಬೇಕಂತಾವ, ಕರಕೊಂಡ ಬರ್ತೀನಿ. ನಿನ್ನ ಕೂಡ ಒಂದೀಟು ಮಾತಾಡೂದೂ ಐತಿ."

ಮೊದಲನೆಯ ಮಾತು ಸಂತೋಷದ್ದು. ಎರಡನೆಯದು ಎರಡು ರಾತ್ರಿ ನಿದ್ದೆ ಕೆಡಿಸಿತು. ಅಪ್ಪ ತೀರಿಕೊಂಡು ಮೂರು ವರ್ಷವಾಗಿದೆ. ಹಳ್ಳಿಯ ಮನೆಯ ಉತಾರದಲ್ಲಿ ಅಣ್ಣತಮ್ಮಂದಿರ ಹೆಸರು ಒಂದರ ಕೆಳಗೆ ಒಂದು ನಿಂತಿವೆ. ಶ್ರೀಮತಿಯವರು ಪಲ್ಯದ ಸೊಪ್ಪು ಸೋಸುತ್ತ, ತಲೆ ಎತ್ತದೆ, "ವಾಟ್ನಿ ಮಾತು ಇರಬೇಕು" ಎಂದರು. ನಾವು ಇರಲಾರದು ಎಂದೆವು. ಆದರೆ ನಾಲ್ವರು ಅತಿಥಿಗಳ ಸಂಗಡ ಐದನೆಯದಾಗಿ ಆ ಮಾತೂ ಗಂಟು ಮೂಟೆ ಕಟ್ಟಿಕೊಂಡು ಬರುತ್ತಿದೆಯೆಂದು ನಮಗಿಬ್ಬರಿಗೂ ಗೊತ್ತಿತ್ತು.

ಸರಿ, ಗುಮಾಸ್ತನಾದವನು ಹೆದರಿದಾಗ ಏನು ಮಾಡುತ್ತಾನೆ? ಪಟ್ಟಿ ತಯಾರಿಸುತ್ತಾನೆ. ನಾವೂ ಒಂದು ವೇಳಾಪಟ್ಟಿ ತಯಾರಿಸಿದೆವು. ಸೋಮವಾರ ಘಾರಾಪುರಿ, ಮಂಗಳವಾರ ಕಾನ್ಹೇರಿ, ಬುಧವಾರ ರಾಣಿಬಾಗ, ಹೀಗೆ ಮುಂಜಾನೆ ಏಳರಿಂದ ರಾತ್ರಿ ಹತ್ತರವರೆಗೆ ಒಂದು ತಾಸೂ ಬಿಡುವಿಲ್ಲ. ಅತಿಥಿ ಸತ್ಕಾರದ ಉತ್ಸಾಹವೆಂದು ಅತ್ತಿಗೆ ಮೆಚ್ಚಿಕೊಂಡರು. ಈಗ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಿಲ್ಲ: ಅಣ್ಣನಿಗೆ ಕುಳಿತು ಮಾತಾಡಲು ಸಮಯ ಸಿಗಬಾರದೆಂದೇ ಆ ಪಟ್ಟಿ ಅಷ್ಟು ಭರ್ತಿಯಾಗಿತ್ತು.

ಸೋಮವಾರ ಒಂಬತ್ತಕ್ಕೆಲ್ಲ ಗೇಟ್ ವೇ ಆಫ್ ಇಂಡಿಯಾದ ಮುಂದೆ ನಿಂತೆವು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆ 1911ರಲ್ಲಿ ಇಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ ಕಮಾನು ಇದು, ಅಡಿಗಲ್ಲು ಬಿದ್ದದ್ದು 1913ರಲ್ಲಿ, ಕೆಲಸ ಮುಗಿದದ್ದು 1924ರಲ್ಲಿ ಎಂದು ನಾವು ವ್ಯಾಖ್ಯಾನ ಮಾಡಿದೆವು. "ದೊರಿ ಬಂದು ಹ್ವಾದ ಹದಿಮೂರು ವರ್ಷಕ್ಕ ಬಾಗಲಾ? ನಮ್ಮೂರ ಗಟಾರದ ಕೆಲಸಾನೂ ಹಿಂಗs ನಡದೈತಿ" ಎಂದು ಅಣ್ಣ ನಕ್ಕ. ಕೊನೆಯ ಬ್ರಿಟಿಷ್ ಪಡೆ 1948ರ ಫೆಬ್ರುವರಿಯಲ್ಲಿ ಇದೇ ಕಮಾನಿನ ಕೆಳಗಿನಿಂದ ಹಡಗು ಹತ್ತಲು ನಡೆದು ಹೋಯಿತೆಂದು ಹೇಳಿದಾಗ ಮಾತ್ರ ಅವನಿಗೆ ಸಮಾಧಾನವಾಯಿತು. "ಅಂದ್ರ ಹೋಗೂ ಬಾಗಲ ಅನ್ನು."

ಆಮೇಲೆ ತಿಳಿಯಿತು, ಘಾರಾಪುರಿಯ ಗುಹೆಗಳು ಸೋಮವಾರ ಮುಚ್ಚಿರುತ್ತವೆಂದು. ಹನ್ನೆರಡು ವರ್ಷ ಇದೇ ಕಡಲಿನ ಗಾಳಿ ಕುಡಿದವರಿಗೆ ಇಷ್ಟು ಗೊತ್ತಿರಲಿಲ್ಲ. "ದೇವರಿಗೂ ವಾರಕ್ಕೊಮ್ಮೆ ರಜಾನ?" ಎಂದ ಅಣ್ಣ. ಶ್ರೀಮತಿಯವರು ಪಟ್ಟಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು ಫೋನಿನಲ್ಲಿ ಪರೀಕ್ಷಿಸಿ, ಬುಧವಾರ ರಾಣಿಬಾಗವೂ ಮುಚ್ಚಿರುತ್ತದೆಂದು ತೀರ್ಪು ಕೊಟ್ಟರು. ಕಾನ್ಹೇರಿ ಇರುವ ಬೋರಿವಲಿಯ ಕಾಡಿಗೂ ಸೋಮವಾರವೇ ರಜೆ. ಅಲ್ಲಿಂದ ಮುಂದೆ ಆಡಳಿತ ಅವರದಾಯಿತು. ವಾಚಕರು ಈ ಎರಡು ವಾರಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಈ ಲೇಖನ ಸಾರ್ಥಕ.

ಮಧ್ಯಾಹ್ನ ಹನ್ನೆರಡಕ್ಕೆ ಚೌಪಾಟಿಗೆ ಹೋದೆವು. ನೀರು ಮೇಲೇರಿ ಮರಳಿನ ಬಹು ಭಾಗವನ್ನು ನುಂಗಿತ್ತು. ಮಕ್ಕಳ ಮುಖ ಸಣ್ಣದಾಯಿತು. ಅಣ್ಣ ಚಪ್ಪಲಿ ಬಿಟ್ಟು, ಊರಲ್ಲಿ ಹೊಳೆಗೆ ಇಳಿಯುವವನಂತೆ ಬಗ್ಗಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ಬೆರಳು ನಾಲಗೆಗಿಟ್ಟು ಮುಖ ಕಿವುಚಿದ. ಆಮೇಲೆ, "ಇವತ್ತು ಹುಣ್ಣಿವಿ. ಹುಣ್ಣಿವಿಗೆ ನೀರು ಏರತೈತಿ ಅಂತ ಕೇಳಿದ್ದೆ. ಇಳಿಯೂದು ಯಾವಾಗ?" ಎಂದು ಕೇಳಿದ. ನಾವು ಫೋನು ತೆಗೆದು ಸಂಜೆ ಆರರ ಸುಮಾರಿಗೆ ಎಂದೆವು. "ನಾಳೆ?" ಏಳಕ್ಕೆ ಹತ್ತು ಮಿನಿಟು. ಅಣ್ಣ ಬೆರಳು ಮಡಿಚಿದ. "ಅಂದ್ರ ತಿಥಿಗೆ ಮುಕ್ಕಾಲು ತಾಸಿನ ಮ್ಯಾಲ ಚೂರು. ಅಷ್ಟಮಿಗೆ ಉಲ್ಟಾ ಆಗಿ ಮಧ್ಯಾಹ್ನಕ್ಕ ಇಳಿದಿರಬೇಕು, ನೋಡು."

ನೋಡಿದೆವು. ಹಾಗೆಯೇ ಇತ್ತು. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು ಐವತ್ತು ಮಿನಿಟು ತಡವಾಗುತ್ತದೆ. ಮುಂಬಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ನಡುಹಗಲಿಗೆ ಭರತ, ಸಂಜೆಗೆ ಇಳಿತ. ಅಷ್ಟಮಿಯ ಆಸುಪಾಸಿನಲ್ಲಿ ಸಂಜೆಗೆ ಭರತ. ಕಡಲನ್ನೇ ಕಾಣದ ಒಕ್ಕಲಿಗ ಅರ್ಧ ಗಳಿಗೆಯಲ್ಲಿ ಲೆಕ್ಕ ಹಿಡಿದ. ಮಕ್ಕಳನ್ನು ಮರಳಿಗೆ ಕರೆದೊಯ್ಯುವ ಗೃಹಸ್ಥರಿಗೆ ಗೋಡೆಯ ಕ್ಯಾಲೆಂಡರಿನ ತಿಥಿಯೇ ಸಾಕು.

ನಡುವಿನ ಹೊತ್ತನ್ನು ಮಲಬಾರ್ ಹಿಲ್ಲಿನಲ್ಲಿ ಕಳೆದೆವು. ಅಲ್ಲಿಯ ಹ್ಯಾಂಗಿಂಗ್ ಗಾರ್ಡನ್ 1881ರದು. ಊರಿಗೆ ನೀರು ಕೊಡುವ ದೊಡ್ಡ ತೊಟ್ಟಿಯ ಮೇಲೆ ಮಣ್ಣು ಹಾಕಿ ಬೆಳೆಸಿದ್ದು. ಮಕ್ಕಳು ಎದುರಿನ ಕಮಲಾ ನೆಹರೂ ಪಾರ್ಕಿನ ಬೂಟಿನಾಕಾರದ ಮನೆಯಲ್ಲಿ ಹತ್ತಿಳಿದರು. ಅಣ್ಣನಿಗೆ ತೊಟ್ಟಿಯದೇ ಧ್ಯಾನ. "ಕೆಳಗ ಕೆರಿ, ಮ್ಯಾಲ ತ್ವಾಟ! ಬುದ್ಧಿವಂತರು" ಎಂದು ನೆಲವನ್ನು ಪಾದದಿಂದ ತಟ್ಟಿ ನೋಡಿದ. ಪಾರ್ಕಿನ ಹಿಂದೆ ಮರಗಳ ನಡುವೆ ಎತ್ತರದಲ್ಲಿ ಹಾದುಹೋಗುವ ಮರದ ಕಾಲುದಾರಿ 2025ರಲ್ಲಿ ತೆರೆದಿದೆ. ಹೋಗುವವರು ಫೋನಿನಲ್ಲಿ ಮುಂಗಡ ಟಿಕೇಟು ತೆಗೆಯುವುದು ಮೇಲು. ನಾವು ತೆಗೆದಿರಲಿಲ್ಲ.

ಸಂಜೆ ಇಳಿದು ಬಂದಾಗ ಅಣ್ಣನ ಲೆಕ್ಕದಂತೆ ಕಡಲು ದೂರ ಸರಿದಿತ್ತು. ಒದ್ದೆ ಮರಳಿನಲ್ಲಿ ಚಿಕ್ಕ ಏಡಿಗಳು ಓಡಾಡುತ್ತಿದ್ದವು. ನಮ್ಮ ಮಗ "ಖೇಕಡಾ! ಖೇಕಡಾ!" ಎಂದು ಕೂಗಿದ. ಅಣ್ಣನ ಮಗ, "ಅದು ಏಡಿಯಲೇ" ಎಂದ. ನಮ್ಮವನು ಒಂದು ಕ್ಷಣ ಸುಮ್ಮನಿದ್ದು "ಏಡಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆ ಪದವನ್ನು ನಾವು ಅವನಿಗೆ ಎಂದೂ ಕೊಟ್ಟಿರಲಿಲ್ಲವೆಂದು ಆಗ ಹೊಳೆಯಿತು.

ಮಂಗಳವಾರ ಘಾರಾಪುರಿ. ದೋಣಿಯ ಪ್ರಯಾಣ ಸುಮಾರು ಒಂದು ತಾಸು. 2024ರ ಡಿಸೆಂಬರಿನಲ್ಲಿ ಇದೇ ದಾರಿಯಲ್ಲಿ ನೌಕಾದಳದ ವೇಗದೋಣಿ ಬಡಿದು ಪ್ರಯಾಣಿಕರ ದೋಣಿಯೊಂದು ಮುಳುಗಿ ಹಲವರು ಸತ್ತದ್ದನ್ನು ನಾವು ಮರೆತಿಲ್ಲ. ಎಂಟೂ ಜನಕ್ಕೆ ಜೀವರಕ್ಷಕ ಅಂಗಿ ಕೇಳಿ ಪಡೆದು ತೊಡಿಸಿದೆವು. ವಾಚಕರೂ ಸಂಕೋಚ ಪಡದೆ ಕೇಳಬೇಕು. ಜೂನಿನಿಂದ ಮಳೆಗಾಲದುದ್ದಕ್ಕೂ ಕಡಲು ಒರಟಾಗಿ ದೋಣಿಗಳು ಆಗಾಗ ನಿಲ್ಲುತ್ತವೆ. ಆ ಕಾಲದಲ್ಲಿ ಹೋಗುವ ಯೋಚನೆಯೇ ಬೇಡ.

ಅರ್ಧ ದಾರಿಯಲ್ಲಿ ಒಬ್ಬರಿಗೆ ತಲೆ ತಿರುಗಿ ವಾಂತಿಯಾಯಿತು. ಅದು ಹಳ್ಳಿಯಿಂದ ಬಂದವರಿಗಲ್ಲ, ಮುಂಬಯಿಯವರಾದ ನಮಗೆ. ಅಣ್ಣ ಏನೂ ಹೇಳದೆ ಎದ್ದು ಬಂದು, ಒಂದು ಕೈಯಿಂದ ಹಣೆ ಹಿಡಿದು, ಇನ್ನೊಂದರಿಂದ ಬೆನ್ನು ನೀವಿದ. ಬಿ. ಎ. ತರಗತಿಗೆ ಸೇರಿಸಲು ಧಾರವಾಡಕ್ಕೆ ಬಸ್ಸಿನಲ್ಲಿ ಕರೆದೊಯ್ದ ದಿನವೂ ಅವನು ಹೀಗೆಯೇ ಹಣೆ ಹಿಡಿದಿದ್ದ. ಅಂಗೈ ಆಗಲೂ ಇಷ್ಟೇ ಗಡುಸಾಗಿತ್ತು.

ಸುಮಾರು ನೂರಿಪ್ಪತ್ತು ಮೆಟ್ಟಿಲು ಹತ್ತಿದರೆ ದೊಡ್ಡ ಗುಹೆ. 1987ರಿಂದ ಇದು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆ ದ್ವೀಪದ ಊರವರಿಗೆ ಕಡಲಡಿಯ ತಂತಿಯಿಂದ ವಿದ್ಯುತ್ತು ಬಂದದ್ದು ಮಾತ್ರ 2018ರಲ್ಲಿ! ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಇಪ್ಪತ್ತು ಅಡಿ ಎತ್ತರದ ಮೂರು ಮುಖದ ಶಿವ ಕಾಣಿಸಿಕೊಂಡ. ಅಣ್ಣ ಕೈ ಮುಗಿದು ಬಹಳ ಹೊತ್ತು ನಿಂತ. ಆಮೇಲೆ ಮಕ್ಕಳಿಗೆ, "ಮಾರಿ ಮೂರು ಅದಾವ, ಕಲ್ಲು ಒಂದs ನೋಡ್ರಿ" ಎಂದ. ನಾವೂ ಶ್ರೀಮತಿಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾತು ಈಗ ಬಂತು ಎಂದುಕೊಂಡೆವು. ಬರಲಿಲ್ಲ. ಅವನು ಹೇಳಿದ್ದು ಕಲ್ಲಿನ ಮಾತು ಮಾತ್ರ. ಮನಸ್ಸಿನಲ್ಲಿ ಕಳ್ಳನಿದ್ದವನಿಗೆ ದೇವರ ಮಾತೂ ಪಂಚನಾಮೆಯಂತೆ ಕೇಳಿಸುತ್ತದೆ.

ಬುಧವಾರ ಕಾನ್ಹೇರಿ. ಬೋರಿವಲಿಯ ಕಾಡಿನ ನಡುವೆ ಒಂದೇ ಬೆಟ್ಟದಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಮಳೆನೀರು ಬಂಡೆಯ ಮೇಲಿನ ಕಾಲುವೆಗಳಲ್ಲಿ ಹರಿದು ಕಲ್ಲಿನ ತೊಟ್ಟಿಗಳಿಗೆ ಇಳಿಯುವ ಏರ್ಪಾಡಿದೆ. ಅಣ್ಣ ಮೂರ್ತಿಗಳನ್ನು ಬಿಟ್ಟು ತೊಟ್ಟಿಗಳನ್ನೇ ಎಣಿಸಿದ. ಇಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಿವೆ, ಅವುಗಳಲ್ಲಿ ಮಳಖೇಡದ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ ಎಂದು ನಾವು ಹೇಳಿದೆವು. ಅಣ್ಣನ ಮಗಳು ಕೂಡಲೇ, "ನೃಪತುಂಗ ಅಲ್ಲೇನ್ರಿ ಕಾಕಾ? ಕವಿರಾಜಮಾರ್ಗ?" ಎಂದಳು. ನಮ್ಮ ಮಗ, "ಅವನು ಯಾರು?" ಎಂದ. ಅಕ್ಕನಾದವಳು ತಮ್ಮನನ್ನು ಮೆಟ್ಟಿಲ ಮೇಲೆ ಕೂಡಿಸಿಕೊಂಡು ಹೇಳತೊಡಗಿದಳು. ನಾವು ದೂರದಿಂದ ಕೇಳಿದೆವು. ಅವನಿಗೆ ಹೇಳಬೇಕಾದವರು ನಾವಾಗಿದ್ದೆವು.

ರಜೆ ಮುಗಿದಿತ್ತು, ಇನ್ನೊಂದು ದಿನ ಬರೆದುಕೊಟ್ಟು ಗುರುವಾರ ರಾಣಿಬಾಗಕ್ಕೆ ಹೋದೆವು. 2016ರಲ್ಲಿ ಸಿಯೋಲಿನಿಂದ ತಂದ ಪೆಂಗ್ವಿನ್ ಹಕ್ಕಿಗಳು ತಣ್ಣನೆಯ ಕೋಣೆಯಲ್ಲಿ ಈಜುತ್ತಿದ್ದವು. ಅವುಗಳ ಕೋಣೆ ನಮ್ಮ ಸಾಹೇಬರ ಕೋಣೆಗಿಂತ ತಂಪಾಗಿತ್ತು. ಆದರೆ ಅಣ್ಣನನ್ನು ನಿಲ್ಲಿಸಿದ್ದು ಪಕ್ಕದ ಭಾವು ದಾಜಿ ಲಾಡ್ ಸಂಗ್ರಹಾಲಯದ ಅಂಗಳದ ಕಲ್ಲಾನೆ. ಪೋರ್ತುಗೀಜರು ಘಾರಾಪುರಿಗೆ ಎಲಿಫಂಟಾ ಎಂದು ಹೆಸರಿಟ್ಟದ್ದು ಇದೇ ಆನೆಯನ್ನು ನೋಡಿ. 1864ರಲ್ಲಿ ಇಂಗ್ಲೆಂಡಿಗೆ ಒಯ್ಯಲು ಎತ್ತುವಾಗ ಬಿದ್ದು ಒಡೆಯಿತು. ತುಂಡುಗಳನ್ನು ತಂದು ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ. "ಊರು ಬಿಟ್ಟು ಬಂದದ್ದು" ಎಂದ ಅಣ್ಣ, ಮತ್ತೇನೂ ಅನ್ನಲಿಲ್ಲ.

ಅಂದು ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಎಲ್ಲರೂ ಕುಳಿತೆವು. ಪಟ್ಟಿ ಮುಗಿದಿತ್ತು. ಓಡಲು ಇನ್ನು ಎಲ್ಲೂ ದಾರಿಯಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಅಣ್ಣ ಚೀಲದಿಂದ ಮಡಿಸಿದ ಕಾಗದ ತೆಗೆದ.

"ಮನಿ ಬಡಗಣ ಗ್ವಾಡಿ ಹ್ವಾದ ಮಳಿಗಾಲದಾಗ ಬಿತ್ತು, ತಮ್ಮಾ. ಉತಾರದಾಗ ಎರಡು ಹೆಸರಿದ್ರ ಸಾಲ ಕೊಡೂದಿಲ್ಲ ಅಂತಾರ ಬ್ಯಾಂಕಿನವರು. ನೀ ಹಕ್ಕು ಬಿಟ್ಟು ಬರಕೊಡಬೇಕಾಗತೈತಿ. ಕಟ್ಟಿಸೂ ಮನ್ಯಾಗ ನಿನಗ ಒಂದು ಖೋಲಿ ಇರತೈತಿ. ಆದ್ರ ಅದನ್ನ ಕಾಗದದಾಗ ಹಾಕಾಕ ಬರಂಗಿಲ್ಲಂತ."

ಹನ್ನೆರಡು ವರ್ಷ ನಾವು ಕಿಟಕಿಯ ಒಳಗೆ ಕುಳಿತು, ಕಾಗದದಲ್ಲಿ ಇಲ್ಲದ್ದು ಲೋಕದಲ್ಲಿಯೇ ಇಲ್ಲ ಎಂದು ಜನರಿಗೆ ಹೇಳಿದ್ದೇವೆ. ಒಂದು ಮೊಹರು ಕಡಿಮೆಯಾಯಿತೆಂದು ಎಷ್ಟೋ ಮುದುಕರನ್ನು ತಿರುಗಿ ಕಳಿಸಿದ್ದೇವೆ. ಅಂಥವರು ಏನು ಉತ್ತರ ಕೊಡಬೇಕು? "ರಾತ್ರಿ ಯೋಚಿಸಿ ಹೇಳ್ತೀವಿ ಅಣ್ಣಾ" ಎಂದೆವು. "ಮಾಡು, ಅವಸರಿಲ್ಲ" ಎಂದು ಅವನು ಕಾಗದ ಮಡಿಸಿಟ್ಟು, ಮಕ್ಕಳಿಗೆ ಶೇಂಗಾ ಕೊಂಡುಕೊಟ್ಟ.

ರಾತ್ರಿ ಗ್ಯಾಲರಿಯಲ್ಲಿ ನಿಂತು ನಾವಿಬ್ಬರೂ ಪಿಸುಮಾತಿನಲ್ಲಿ ಚರ್ಚಿಸಿದೆವು. ನಿವೃತ್ತಿಯಾದ ಮೇಲೆ ಎಲ್ಲಿ ಹೋಗುವುದು? ನಾಳೆ ಅಣ್ಣನ ಮಕ್ಕಳು ದೊಡ್ಡವರಾಗಿ ಇಲ್ಲವೆಂದರೆ? ಶ್ರೀಮತಿಯವರ ಪ್ರಶ್ನೆಗಳಲ್ಲಿ ಒಂದೂ ತಪ್ಪಾಗಿರಲಿಲ್ಲ. ಕೊನೆಗೆ ಅವರೇ ಹೇಳಿದರು: "ಭಾವಾರು ಬಂದ ದಿನಾನೇ ಕೇಳಬಹುದಿತ್ತು. ಕೇಳಿದ್ರ ನಾವು ಹಿಂಗ ನಗತಾ ತಿರುಗಾಡಸ್ತಿದ್ವೇನು? ಮಕ್ಕಳ ರಜಾ ಕೆಡಬಾರದಂತ ಐದು ದಿನ ಬಾಯಿ ಕಟ್ಟಿಕೊಂಡಾರ. ನಾವು ಅವರ ಬಾಯಿ ಕಟ್ಟಾಕ ಪಟ್ಟಿ ಮಾಡಿದ್ವಿ." ಒಳಗೆ ನಾಲ್ಕು ಮಕ್ಕಳು ಒಬ್ಬರ ಮೇಲೆ ಒಬ್ಬರು ಕಾಲು ಹಾಕಿ ಮಲಗಿದ್ದರು.

ಮರುದಿನ ಕಲ್ಯಾಣ ನಿಲ್ದಾಣದಲ್ಲಿ ರೈಲು ಬರುವ ಮುಂಚೆ, ದೀಪಾವಳಿಗೆ ಬಂದು ನೋಂದಣಿ ಕಚೇರಿಯಲ್ಲಿ ಸಹಿ ಮಾಡುತ್ತೇವೆಂದು ಹೇಳಿದೆವು. ಅಣ್ಣ ನಮ್ಮನ್ನು ಒಂದು ಗಳಿಗೆ ನೋಡಿ, "ಟಿಕೀಟು ಮೊದಲs ತಗಿಸು, ಆಮ್ಯಾಲ ಸಿಗಂಗಿಲ್ಲ" ಎಂದಷ್ಟೇ ಅಂದ. ನಮ್ಮ ಮಗ ಕಿಟಕಿಯ ಸರಳು ಹಿಡಿದು, "ಊರಾಗ ಏಡಿ ಐತೇನು?" ಎಂದು ಕೂಗಿ ಕೇಳುತ್ತಿದ್ದ. ಹಳ್ಳದಾಗ ಅದಾವ ಎಂದು ಒಳಗಿನಿಂದ ಉತ್ತರ ಬಂತು.

ಟಿಕೇಟು ತೆಗೆಸಿದ್ದೇವೆ. ಕೆಲವು ರಾತ್ರಿ ಗುಮಾಸ್ತನ ಬುದ್ಧಿ ಇನ್ನೂ ಎದ್ದು ಕೂಡುತ್ತದೆ, ಸುಳ್ಳು ಹೇಳುವುದೇಕೆ? ಆಗ ದೋಣಿಯಲ್ಲಿ ಹಣೆ ಹಿಡಿದ ಕೈಯನ್ನು ನೆನೆದುಕೊಂಡು ಮಗ್ಗುಲಾಗುತ್ತೇವೆ.

ಮುಂದಿನ ನೆಂಟರ ಕಾಲಕ್ಕೆ ಪಟ್ಟಿ ಮಾಡುವ ವಾಚಕ ಬಂಧುಗಳಿಗೆ ಇಷ್ಟೇ ವಿನಂತಿ. ಸೋಮವಾರ ಘಾರಾಪುರಿ, ಕಾನ್ಹೇರಿ ಬೇಡ. ಬುಧವಾರ ರಾಣಿಬಾಗ ಬೇಡ. ಮರಳಿಗೆ ಹೋಗುವ ಮುಂಚೆ ತಿಥಿ ನೋಡಿ. ಮತ್ತು ದಿನಕ್ಕೆ ಒಂದು ತಾಸು ಏನೂ ಬರೆಯದೆ ಖಾಲಿ ಬಿಡಿ. ಬಂದವರಿಗೆ ಏನಾದರೂ ಹೇಳುವುದಿರುತ್ತದೆ.